ವಾಸಣ್ಣನನ್ನು ಹುಡುಕಿದ ಶನಿವಾರಗಳು

ಕುದಿಯುವ ಡಿಕಾಕ್ಷನ್‌ಗೆ ಚಿಟಿಕೆ ಒಣಶುಂಠಿ ಬಿದ್ದಾಗ ಏಳುವ ಘಾಟೊಂದಿದೆ. ಫೋರ್ಟಿನ ಯಾವುದಾದರೂ ಹಳೆಯ ಉಡುಪಿ ಹೋಟೆಲಿನಲ್ಲಿ ಅದು ಮೂಗಿಗೆ ಬಡಿದರೆ ಸಾಕು, ನನ್ನ ಗೆಳತಿ ಸುಮತಿ ಆಡುತ್ತಿದ್ದ ಮಾತನ್ನು ಅಲ್ಲಿಗೇ ನಿಲ್ಲಿಸುತ್ತಾಳೆ. ಐವತ್ತು ದಾಟಿದ ನಾವಿಬ್ಬರೂ, ಅವಳು ಡೊಂಬಿವಲಿಯಿಂದ, ನಾನು ಬೊರಿವಲಿಯಿಂದ, ಆಗಾಗ ಲೋಕಲ್ ಹಿಡಿದು ಬಂದು ಹೀಗೆ ಕಾಫಿ ಕುಡಿಯುತ್ತೇವೆ. ಅಡುಗೆಮನೆಯ ಬಾಗಿಲು ಕಾಣುವ ಕುರ್ಚಿಯನ್ನೇ ಅವಳು ಆರಿಸುತ್ತಾಳೆ. ಯಾಕೆಂದು ನಾನು ಕೇಳುವುದಿಲ್ಲ.

ಪರೇಲಿನ ನಮ್ಮ ಚಾಳಿನಲ್ಲಿ ಸುಮತಿಯವರ ಒಂದೇ ಕೋಣೆಯ ಖೋಲಿಗೂ ನಮ್ಮದಕ್ಕೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಸುಮತಿಯ ಅಪ್ಪ ವಾಸಣ್ಣ ಮಿಲ್ಲಿನ ಗೇಟಿನೆದುರಿನ ಹೋಟೆಲಿನಲ್ಲಿ ಅಡುಗೆಯವರು. ಕೆಲಸಕ್ಕೆ ಹೊರಡುವ ಮೊದಲು ಅವರು ಮನೆಯಲ್ಲಿ ಕಾಯಿಸುತ್ತಿದ್ದ ಶುಂಠಿ ಕಾಫಿಯ ಪರಿಮಳ ಹಲಗೆಯ ಸಂದಿಯಿಂದ ತೂರಿ ಬಂದು ನಮ್ಮ ಚಾದರದೊಳಗೂ ಸೇರುತ್ತಿತ್ತು. "ವಾಸಣ್ಣ ಎದ್ರು" ಎನ್ನುತ್ತ ನನ್ನ ಅಮ್ಮನೂ ಏಳುತ್ತಿದ್ದಳು. ಆಮೇಲೆ ಮಿಲ್ಲುಗಳು ಮುಚ್ಚಿದವು, ಪಾಳಿಗೆ ಕರೆಯುವ ಭೋಂಗಾ ಕೂಗುವುದು ನಿಂತಿತು, ಗಿರಾಕಿಗಳಿಲ್ಲದೆ ಆ ಹೋಟೆಲೂ ಬಾಗಿಲು ಹಾಕಿತು. ವಾಸಣ್ಣ ತಿಂಗಳುಗಟ್ಟಲೆ ಚಾಳಿನ ಕಟಾಂಜನದ ಕಂಬಿಗೆ ಒರಗಿ ಬೀದಿ ನೋಡುತ್ತ ನಿಂತಿದ್ದರು. ಒಂದು ಬೆಳಿಗ್ಗೆ ಒಗೆದ ಅಂಗಿ ತೊಟ್ಟು, "ಕೆಲಸ ಸಿಕ್ಕಿದ ಮೇಲೆ ಬರ್ತೇನೆ" ಎಂದು ಹೆಂಡತಿಗೆ ಹೇಳಿ ಮೆಟ್ಟಿಲಿಳಿದವರು ಮತ್ತೆ ಬರಲಿಲ್ಲ.

ಸುಮತಿಯ ಅಮ್ಮ ಗಿರಿಜಕ್ಕ ನಾಲ್ಕು ಮನೆಗಳ ಅಡುಗೆ ಹಿಡಿದರು. "ಹೋಟ್ಲಿನವರು ಹೋಟ್ಲು ಬಿಟ್ಟು ಎಲ್ಲಿಗೆ ಹೋಗ್ತಾರೆ ಮಗಾ? ನೀವಿಬ್ರು ಹೋಗಿ ಕೇಳಿ ಬನ್ನಿ" ಎಂದು ಶನಿವಾರ ಶಾಲೆ ಬಿಟ್ಟೊಡನೆ ನಮ್ಮನ್ನು ಕಳಿಸುತ್ತಿದ್ದರು. ದಾದರ್, ಮಾಟುಂಗಾ, ಹೀಗೆ ಸ್ಟೇಷನ್ ಸ್ಟೇಷನ್ ಇಳಿದು ಹುಡುಕಿದೆವು. ಗಲ್ಲಾದ ಮುಂದೆ ನಿಂತು ಸುಮತಿ ಕೇಳುತ್ತಿದ್ದಳು: "ಒಳಗೆ ವಾಸಣ್ಣ ಅಂತ ಇದ್ದಾರಾ? ಉದ್ದ ಇದ್ದಾರೆ. ಎಡಗೈಯಲ್ಲಿ ಸುಟ್ಟ ಕಲೆ ಉಂಟು." ನಮ್ಮ ಊರಿನ ಕಡೆಯವರೇ ಆದ ಮಾಲೀಕರು ಇಲ್ಲವೆಂದು ತಲೆಯಾಡಿಸಿ, ಬರಿಗೈಯಲ್ಲಿ ಕಳಿಸಲಾರದೆ, ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ಕೊಡಿಸುತ್ತಿದ್ದರು. ಅಮೃತಶಿಲೆಯ ಮೇಜಿನ ತಂಪು, ಗೋಡೆಗನ್ನಡಿಯಲ್ಲಿ ನಮ್ಮಿಬ್ಬರ ಜಡೆಗಳು, ಒಳಗೆ ದೋಸೆ ಹೆಂಚಿನ ಚುಂಯ್ ಸದ್ದು. ಸುಮತಿಗೆ ಇವಾವುದೂ ಕಾಣುತ್ತಿರಲಿಲ್ಲ.

ಫೋರ್ಟಿನ ಒಂದು ಹೋಟೆಲಿನಲ್ಲಿ ಮೊದಲ ಗುಟುಕಿಗೇ ಅವಳು ಲೋಟ ಕೆಳಗಿಟ್ಟಳು. "ಅಪ್ಪ ಇಲ್ಲಿದ್ದಾರೆ." ಯಾರನ್ನೂ ಕೇಳದೆ ಅಡುಗೆಮನೆಗೆ ನುಗ್ಗಿದಳು, ನಾನು ಹಿಂದೆ ಓಡಿದೆ. ಒಲೆಯ ಮುಂದಿದ್ದ ಮನುಷ್ಯ ತಿರುಗಿದ. ವಾಸಣ್ಣ ಅಲ್ಲ. ಆತ ಅವಳ ಮುಖವನ್ನೇ ನೋಡಿ, "ನೀನು ವಾಸಣ್ಣನ ಮಗಳಾ?" ಎಂದ. ಹೆಸರು ಶೇಖರ. ವಾಸಣ್ಣ ಅಲ್ಲಿ ಕೆಲಸಕ್ಕೆ ಸೇರಿದ್ದರಂತೆ, ಆತನಿಗೆ ಈ ಕಾಫಿ ಕಲಿಸಿದ್ದರಂತೆ. ಮೊದಲ ಸಂಬಳ ಹಿಡಿದೇ ಮನೆಗೆ ಹೋಗುತ್ತೇನೆ ಎನ್ನುತ್ತಿದ್ದರಂತೆ. ಸೇರಿದ ಕೆಲವೇ ದಿನಕ್ಕೆ ಜ್ವರ ಬಂದು, ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. "ಮನೆ ಪರೇಲ್ ಅಂತ ಮಾತ್ರ ಹೇಳಿದ್ರು ಮಗಾ. ನಾನು ಬಂದು ಹುಡುಕಿದೆ. ಯಾವ ಚಾಳ್ ಅಂತ ಗೊತ್ತಾಗ್ಲಿಲ್ಲ."

ಹಿಂದಿರುಗುವಾಗ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಸುಮತಿ ಅಳಲಿಲ್ಲ. ಪರೇಲ್ ಬರುವ ಹೊತ್ತಿಗೆ, "ಅಮ್ಮನಿಗೆ ಹೇಳುವುದು ಬೇಡ. ಹೇಳಿದ್ರೆ ಕುಂಕುಮ ತೆಗೀಬೇಕಾಗ್ತದೆ" ಎಂದಳು. ಹಾಗಾಗಿ ಹುಡುಕಾಟ ನಿಲ್ಲಲಿಲ್ಲ. ಗಿರಿಜಕ್ಕ ಕಳಿಸುತ್ತಲೇ ಇದ್ದರು, ನಾವು ಹೋಗುತ್ತಲೇ ಇದ್ದೆವು. ಹೋಟೆಲುಗಳ ಮುಂದೆ ನಿಂತು ಏನನ್ನೂ ಕೇಳದೆ ಮರಳುತ್ತಿದ್ದೆವು. ವಾಸಣ್ಣ ಬದುಕಿದ್ದಾರೆಂದು ನಂಬಿದ್ದಾಗ ಎಲ್ಲಿಯೂ ಕಾಣದವರು ಈಗ ಎಲ್ಲೆಲ್ಲೂ ಕಾಣತೊಡಗಿದರು. ಪ್ರತಿ ಅಡುಗೆಮನೆಯ ಹಬೆಯೊಳಗೂ ಅವರ ಬಾಗಿದ ಬೆನ್ನಿತ್ತು. ಸಂಜೆ ಸುಮತಿ "ಇಲ್ಲ ಅಮ್ಮ" ಎನ್ನುವಾಗ ನಾನು ಚಾಳಿನ ಮೆಟ್ಟಿಲು ನೋಡುತ್ತಿದ್ದೆ, ನಮ್ಮ ಹಿಂದೆಯೇ ಅವರೂ ಹತ್ತಿ ಬಂದರೇನೋ ಎಂಬಂತೆ.

ದೀಪಾವಳಿ ಕಳೆದ ಮೇಲಿನ ಒಂದು ಶನಿವಾರ ನಾವು ಚಪ್ಪಲಿ ಮೆಟ್ಟುತ್ತಿದ್ದಾಗ ಗಿರಿಜಕ್ಕ ಬಾಗಿಲಲ್ಲಿ ನಿಂತಿದ್ದರು. ಹಣೆ ಬೋಳಾಗಿತ್ತು. "ಸಾಕು ಮಗಾ. ಆ ಫೋರ್ಟಿಗೆ ಹೋಗಿ ಬಂದ ದಿನದಿಂದ ನೀವಿಬ್ರೂ ನನ್ನ ಮುಖ ನೋಡಿ ಮಾತಾಡಿದ್ದೇ ಇಲ್ಲ. ಎಷ್ಟು ದಿನ ಹೊತ್ತುಕೊಂಡು ತಿರುಗ್ತೀರಿ? ಇವತ್ತು ನಾನೂ ಬರ್ತೇನೆ."

ಆ ಚಾಳಿನ ಜಾಗದಲ್ಲಿ ಈಗ ಗಾಜಿನ ಬಿಲ್ಡಿಂಗ್ ಎದ್ದಿದೆ. ಗಿರಿಜಕ್ಕ ಇಲ್ಲ, ನನ್ನ ಅಮ್ಮನಿಲ್ಲ. ಫೋರ್ಟಿನ ಆ ಹೋಟೆಲು ಇದ್ದಲ್ಲಿ ಮೊಬೈಲ್ ಮಾರುತ್ತಾರೆ. ಆದರೆ ಆ ಮಧ್ಯಾಹ್ನ ಎಲ್ಲಿಗೂ ಹೋಗಿಲ್ಲ. ಎಂದೂ ಹೋಟೆಲಿನಲ್ಲಿ ಕೂತವರಲ್ಲದ ಗಿರಿಜಕ್ಕ ಸೆರಗು ಬಿಗಿದು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಶೇಖರಣ್ಣ ಕೈ ಒರೆಸಿಕೊಳ್ಳುತ್ತ ಬಂದು, ತಾನೇ ಕಾಫಿ ತಂದಿಟ್ಟು, ತಲೆ ತಗ್ಗಿಸಿ ನಿಂತ. ಅವರು ಕೇಳಿದ್ದು ಒಂದೇ ಮಾತು: "ಕೊನೆಗೆ ಹತ್ತಿರ ಯಾರಾದ್ರೂ ಇದ್ರಾ?"

"ನಾನಿದ್ದೆ ಅಕ್ಕಾ. ಕೈ ಹಿಡ್ಕೊಂಡೇ ಇದ್ದೆ."

ಗಿರಿಜಕ್ಕ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಕಾಫಿ ಆರಿಹೋಯಿತು. ಬೇರೆ ಬಿಸಿ ತರುತ್ತೇನೆಂದು ಶೇಖರಣ್ಣ ಕೈ ಚಾಚಿದ. ಅವರು ಲೋಟ ಬಿಡಲಿಲ್ಲ.