ನಿಶಾತ್ ಬೆಳೆಸಿದ ಹರಳು

ಮದ್ದೂರಿನ ಮೆಕ್ಯಾನಿಕ್ ನಯಾಜ್ ಪಾಷಾರ ಮಗಳು ನಿಶಾತ್ ಏನು ಓದುತ್ತಾಳೆ ಎಂದು ಯಾರಾದರೂ ಕೇಳಿದರೆ, ಅವಳ ಅಮ್ಮ "ಕಲ್ಲು ನೋಡ್ತಾಳೆ" ಎಂದು ಮಾತು ಮುಗಿಸುತ್ತಿದ್ದರು. ಅದು ಕಲ್ಲಲ್ಲ, ಮಂಡ್ಯದ ಕಾಲೇಜಿನಲ್ಲಿ ಅವಳೇ ದ್ರಾವಣದಿಂದ ಬೆಳೆಸಿದ ಹರಳು. ಉಗುರಿನಷ್ಟಗಲ. ವಿದ್ಯುತ್ತು ತಾಗಿಸಿದರೆ ಅದರೊಳಗಿನ ಪ್ಲಸ್ಸು ಮೈನಸ್ಸು ಅದಲುಬದಲಾಗುತ್ತವೆ, ವಿದ್ಯುತ್ತು ತೆಗೆದ ಮೇಲೂ ಹಾಗೇ ಉಳಿಯುತ್ತವೆ. ಬೆಂಗಳೂರಿನ ಒಂದು ಸಂಸ್ಥೆಯಲ್ಲಿ, ಕೂದಲಿಗಿಂತ ಎಷ್ಟೋ ಸಣ್ಣ ಮೊನೆಯ ಸೂಜಿಯಿಂದ ತಡವಿ ನೋಡುವ ಸೂಕ್ಷ್ಮದರ್ಶಕವಿತ್ತು. ಆ ಮೊನೆಯಿಂದಲೇ ವಿದ್ಯುತ್ತು ತಾಗಿಸಿ ನಿಶಾತ್ ಹರಳಿನ ಮೇಲೆ ಗೆರೆ ಬರೆದಿದ್ದಳು. ಕಣ್ಣಿಗೆ ಕಾಣದ ಆ ಗೆರೆಗಳು ಮೂರು ವರ್ಷದಲ್ಲಿ ಎಷ್ಟು ಹರಡುತ್ತವೆ, ಎಷ್ಟು ಮಾಸುತ್ತವೆ ಎಂಬುದೇ ಅವಳ ಪಿಎಚ್‌ಡಿ. ಕೊನೆಯ ಅಳತೆಯೊಂದು ಬಾಕಿಯಿತ್ತು. ಅವಧಿ ಮುಗಿಯಲು ಇನ್ನು ಆರೇ ತಿಂಗಳು.

ಆ ಹರಳಿಗೆ ಆಗದಿದ್ದದ್ದು ಬಿಸಿ. ನಲವತ್ತೊಂಬತ್ತು ಡಿಗ್ರಿ ದಾಟಿದರೆ ಬರೆದದ್ದನ್ನೆಲ್ಲ ಮರೆತು ಕೂರುತ್ತದೆ, ಅಷ್ಟು ಮುಲಾಜಿಲ್ಲದ ವಸ್ತು. ಅದಕ್ಕೇ ನಿಶಾತ್ ಜನವರಿಯ ಚಳಿಯಲ್ಲಿ ದಿನ ಗೊತ್ತು ಮಾಡಿಕೊಂಡು, ಹರಳನ್ನು ಹತ್ತಿಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿ ಬೆಳಗಿನ ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಿಂತವರ ಸಾಮಾನನ್ನು ಕೂತವರು ಕೇಳಿ ಇಸಿದುಕೊಳ್ಳುವುದು ನಮ್ಮ ಕಡೆಯ ಮರ್ಯಾದೆ. ಡ್ರೈವರ್ ಪಕ್ಕದ ಸೀಟಿನಲ್ಲಿದ್ದ ಕೊಪ್ಪದ ಮಂಚಮ್ಮ ಕೈ ಚಾಚಿದರು.

"ಕೊಡವ್ವ ಇಲ್ಲಿ, ನಾ ಮಡಿಕತೀನಿ. ಊಟದ ಡಬ್ಬಿಯಾ?"

ನೂಕಾಟದಲ್ಲಿ ಕೈ ಜಾರುವುದಕ್ಕಿಂತ ಒಬ್ಬರ ಮಡಿಲಲ್ಲಿರುವುದು ವಾಸಿ ಎನಿಸಿತು. ಹರಳಿನ ಪುರಾಣ ಬಿಚ್ಚುವ ತಾಳ್ಮೆಯೂ ಅವಳಿಗಿರಲಿಲ್ಲ. "ಹೂಂ ಅಮ್ಮ" ಎಂದು ಕೊಟ್ಟುಬಿಟ್ಟಳು. ನಿಡಘಟ್ಟ ದಾಟುವಷ್ಟರಲ್ಲಿ ಜನ ಅವಳನ್ನು ಹಿಂದಿನ ಸೀಟಿನ ತನಕ ತಳ್ಳಿಯಾಗಿತ್ತು.

ಬೆಂಗಳೂರಿನಲ್ಲಿ ಇಳಿಯುವಾಗ ಮಂಚಮ್ಮ ಡಬ್ಬಿಯನ್ನು ಸೆರಗಿನಲ್ಲಿ ಹಿಡಿದು ಕೊಟ್ಟರು. ನಿಶಾತಳ ಕೈ ಚುರುಕ್ಕೆಂದಿತು.

"ಅನ್ನ ತಣ್ಗಾಯ್ತದಲ್ಲ ಅಂತ ಇಂಜಿನ್ ಮ್ಯಾಲೆ ಮಡಗಿದ್ದೆ ಕಣವ್ವ. ಬಿಸಿಬಿಸಿ ಉಣ್ಣು."

ಬೈಯೋಣವೆಂದರೆ ಯಾರನ್ನು? ಆ ತಾಯಿ ಸ್ವಂತ ಮಗಳಿಗೆ ಮಾಡುವುದನ್ನೇ ಮಾಡಿದ್ದರು. "ಬರ್ತೀನಮ್ಮ" ಎಂದಷ್ಟೇ ಹೇಳಿ ಇಳಿದಳು.

ಹಾಳಾದ ಆಸೆ, ಆದರೂ ಸಂಸ್ಥೆಗೆ ಹೋದಳು. ಸೂಜಿ ಹರಳಿನ ಮೇಲೆ ಓಡಾಡಿ ಪರದೆಯಲ್ಲಿ ಚಿತ್ರ ಮೂಡಿಸಿತು. ಅವಳು ಬರೆದ ಒಂದು ಗೆರೆಯೂ ಅಲ್ಲಿರಲಿಲ್ಲ. ಯಂತ್ರ ನೋಡಿಕೊಳ್ಳುವ ರಘುನಂದನ್ ಅವಳ ಮುಖ ನೋಡಿ ಪಾಪ ಎನಿಸಿ ಹೇಳಿದ:

"ಬೇಜಾರು ಮಾಡ್ಕೋಬೇಡಿ ಮೇಡಂ. ಹರಳಿಗೇನೂ ಆಗಿಲ್ಲ. ಅದೇ ಗೆರೆ ಈಗಲೇ ಮತ್ತೆ ಬರೆದುಕೊಡ್ತೀನಿ, ಹತ್ತು ನಿಮಿಷದ ಕೆಲಸ."

ನಿಶಾತ್ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಬರೆಯೋದು ಹತ್ತು ನಿಮಿಷವೇ ಸರ್. ಅದು ಮೂರು ವರ್ಷ ಹಳೇದಾಗ್ಬೇಕು. ಅಷ್ಟು ದಿನ ನನಗೆ ಯಾರೂ ಕೊಡಲ್ಲ."