ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ರೇಣವ್ವ ಅಡ್ಡ ನಿಂತ ದಿನ

ಕೊಪ್ಪಳದ ಪಕ್ಕದ ಭಾಗ್ಯನಗರದ ಬಾಡಿಗೆ ಮನೆಯಲ್ಲಿ ನನ್ನ ಮೊದಲ ಬೆಳಗು. ಯಾರೋ ಬಾಗಿಲನ್ನು ಮುರಿದುಹೋಗುವಂತೆ ಬಡಿಯತೊಡಗಿದರು. ಬೆಂಕಿ ಬಿದ್ದಿತೆಂದುಕೊಂಡು ಎದ್ದು ಓಡಿದೆ. ಹೊರಗೆ ಮನೆಯ ಒಡತಿ ಎರಡು ಕೈಯಲ್ಲೂ ಕೊಡ ಹಿಡಿದು ನಿಂತಿದ್ದರು. "ಏಳ್ರಿ ಅಕ್ಕಾರ, ನೀರ ಬಂದಾವು! ಮತ್ತ ಯಾವಾಗ ಬರ್ತಾವೋ ಏನೋ!"

ಕಾರ್ಕಳದ ನಮಗೆ ನೀರು ಎಂದರೆ ಬಾವಿಯಲ್ಲಿ ಇರುವಂಥದ್ದು, ಬರುವಂಥದ್ದಲ್ಲ. ಇಲ್ಲಿ ಅದು ನೆಂಟರ ಹಾಗೆ ಬರುತ್ತದೆ, ಅದೂ ಬಹುವಚನದಲ್ಲಿ. ಆ ಬೆಳಗ್ಗೆ ನನ್ನ ಹತ್ತಿರ ಇದ್ದದ್ದು ಒಂದೇ ಬಕೆಟ್. ಒಡತಿ ತಮ್ಮ ಪಾತ್ರೆಗಳನ್ನೆಲ್ಲ ತಂದು ನನ್ನ ಪಾಲಿನ ನೀರನ್ನೂ ತುಂಬಿಸಿಕೊಟ್ಟರು.

ನಾನು ಕೊಪ್ಪಳಕ್ಕೆ ಬಂದದ್ದು ಇಲ್ಲಿನ ಒಂದು ಆಸರೆ ಮನೆಗೆ ಆಪ್ತ ಸಮಾಲೋಚಕಿಯಾಗಿ. ಕೆಲಸದ ಆಸೆ ತೋರಿಸಿ ದೂರದ ಊರುಗಳಿಗೆ ಸಾಗಿಸಲ್ಪಟ್ಟು, ಹೇಗೋ ಬಿಡುಗಡೆಯಾಗಿ ಬಂದ ಹುಡುಗಿಯರು ಅಲ್ಲಿದ್ದರು. ಓದಿ ಬಂದದ್ದೆಲ್ಲ ತಲೆಯಲ್ಲಿತ್ತು. ಆದರೆ ಮಾತು ಕೈಕೊಟ್ಟಿತು. ನಾನು ಆಡುವುದು ಅವರಿಗೆ ಪಾಠ ಒಪ್ಪಿಸಿದಂತೆ ಕೇಳುತ್ತಿತ್ತು, ಅವರ ವೇಗ ನನ್ನ ಕಿವಿಗೆ ದಕ್ಕುತ್ತಿರಲಿಲ್ಲ. ಸಂಜೆ ಮನೆಗೆ ಬಂದು ಊರಿನಿಂದ ತಂದ ಕುಚ್ಚಲಕ್ಕಿಯ ಗಂಜಿ ಬೇಯಿಸಿಕೊಂಡು ಒಬ್ಬಳೇ ಉಣ್ಣುವಾಗ, ನನ್ನಿಂದ ಯಾರಿಗೆ ಏನು ಉಪಯೋಗ ಎಂದು ಅಳು ಬರುತ್ತಿತ್ತು.

ರೇಣವ್ವ ಅಲ್ಲಿನ ಹುಡುಗಿಯರಲ್ಲಿ ಒಬ್ಬಳು, ಹನುಮಸಾಗರದ ಹತ್ತಿರದ ಹಳ್ಳಿಯವಳು. ಸಾಲೆ ಬಿಡಿಸಿ, ಕೂಸು ಆಡಿಸುವ ಕೆಲಸ ಎಂದು ಹೇಳಿ, ಪರಿಚಯದ ಹೆಂಗಸೊಬ್ಬಳು ಅವಳನ್ನು ಕರೆದೊಯ್ದಿದ್ದಳು. ಅಲ್ಲಿ ಕೂಸೂ ಇರಲಿಲ್ಲ, ಸಂಬಳವೂ ಇರಲಿಲ್ಲ. ಅಲ್ಲಿ ನಡೆದದ್ದು ಅವಳದು. ಅದನ್ನು ನಾನು ಬರೆಯುವುದಿಲ್ಲ. ಪೊಲೀಸರು ಬಿಡಿಸಿ ತಂದ ಮೇಲೆ ಅವಳು ಯಾರೊಂದಿಗೂ ಮಾತಾಡುತ್ತಿರಲಿಲ್ಲ, ಕರೆದರೆ ಗೋಡೆಯ ಕಡೆ ತಿರುಗುತ್ತಿದ್ದಳು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮೂರಿನ ಮಾತಿನಲ್ಲೇ ಕೇಳಿಬಿಟ್ಟೆ. "ನಿನಗೆ ತಿನ್ನಲಿಕ್ಕೆ ಎಂಥ ಬೇಕು?"

ಅವಳು ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡಿದಳು. "ಎಂಥಾದು ಅಂದ್ರ? ಕೆಂಪಂದೋ, ಕರೀದೋ?"

ನಮ್ಮಲ್ಲಿ 'ಎಂಥ' ಎಂದರೆ 'ಏನು' ಎಂದು ವಿವರಿಸಿದೆ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. "ಮೊದಲ ಮಾತಾಡಾಕ ಕಲೀರಿ ಅಕ್ಕಾರ, ಆಮ್ಯಾಲ ನಮಗ ಬುದ್ಧಿ ಹೇಳಾಕ ಬರ್ರಿ!" ಆವತ್ತಿನಿಂದ ಅವಳು ನನಗೆ ಕನ್ನಡ ಕಲಿಸತೊಡಗಿದಳು. ಹಾಗೆ ಕಲಿಸುತ್ತ ಕಲಿಸುತ್ತಲೇ ತನ್ನ ಕಥೆಯನ್ನೂ ಹೇಳಿದಳು. ಬಿಟ್ಟ ಓದನ್ನು ಮತ್ತೆ ಹಿಡಿದಳು.

ಅವಳು ಮೊದಲ ಸಲ ಮನೆಗೆ ಹೋಗುವುದೆಂದು ನಿಶ್ಚಯವಾದಾಗ ಅವಳ ತಾಯಿ ಹನುಮವ್ವ ಫೋನಿನಲ್ಲಿ ನನಗೆ ಗುಟ್ಟಾಗಿ ಹೇಳಿದರು. "ಕತ್ತಲಾದ ಮ್ಯಾಲ ಕರ್ಕೊಂಡ ಬರ್ರಿ ಅಕ್ಕಾರ. ಓಣ್ಯಾನ ಮಂದಿ ನೋಡಿದ್ರ ಏನಂತಾರೋ." ಅದನ್ನು ರೇಣವ್ವನಿಗೆ ಹೇಗೆ ಹೇಳುವುದೆಂದು ತಿಳಿಯದೆ, ಹೊಟ್ಟೆಯಲ್ಲೇ ಇಟ್ಟುಕೊಂಡು ಹೊರಟೆ.

ಕುಷ್ಟಗಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಬೆಂಚಿನ ಮೇಲೆ ಕೂತಿದ್ದ ರೇಣವ್ವ ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದಳು. ಎದುರಿಗೆ ಒಬ್ಬ ಅಪರಿಚಿತ ಹೆಂಗಸು, ಜೊತೆಗೆ ಹೊಸ ಬಟ್ಟೆ ತೊಟ್ಟ ಇಬ್ಬರು ಹುಡುಗಿಯರು. ಹೆಂಗಸು ನೀರಿನ ಬಾಟಲಿ ಕೊಳ್ಳಲು ಅಂಗಡಿಯತ್ತ ಹೋದದ್ದೇ ತಡ, ರೇಣವ್ವ "ನನಗೂ ಹೀಂಗ ಹೊಸ ಬಟ್ಟಿ ಕೊಡಿಸಿದ್ರು" ಎಂದು ಪಿಸುಗುಟ್ಟಿ, ಎದ್ದು ಹುಡುಗಿಯರ ಪಕ್ಕ ಕೂತಳು.

"ಎಲ್ಲಿಗೆ ಹೊಂಟೀರಿ ತಂಗಿ?"

"ಕೆಲಸಕ್ಕ. ಕೂಸು ಆಡಿಸೋದು."

"ಆಕಿ ನಿಮಗ ಏನಾಗಬೇಕು?"

"ಚಿಗವ್ವ."

"ಚಿಗವ್ವನ ಹೆಸರೇನು?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಇಬ್ಬರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ದೂರದ ಊರಿನ ಬಸ್ಸು ಬಂತು. ಹೆಂಗಸು ಓಡಿ ಬಂದು ಹುಡುಗಿಯರ ರಟ್ಟೆ ಹಿಡಿದು ನಡೆದಳು. ನಾನು ಮಕ್ಕಳ ಸಹಾಯವಾಣಿಗೆ ಫೋನು ಹಚ್ಚುತ್ತಿದ್ದೆ. ರೇಣವ್ವ ಅವರಿಗಿಂತ ಮುಂದೆ ಓಡಿ ಬಸ್ಸಿನ ಮೆಟ್ಟಿಲೇರಿ, ಬಾಗಿಲಿಗೆ ಎರಡೂ ಕೈ ಅಡ್ಡ ಹಾಕಿ ನಿಂತಳು.

"ಕಂಡಕ್ಟರ್ ಅಣ್ಣಾರ, ಗಾಡಿ ಬಿಡಬ್ಯಾಡ್ರಿ! ಈ ಹುಡುಗ್ಯಾರ ಮನಿಗೆ ಫೋನ್ ಹಚ್ಚೂತನ ಬಿಡಬ್ಯಾಡ್ರಿ!"

"ನೀ ಯಾರಲೇ ಕೇಳಾಕ? ನಮ್ಮ ಹುಡುಗ್ಯಾರು, ನಾ ಎಲ್ಲಿಗರ ಕರ್ಕೊಂಡ ಹೋಗ್ತೀನಿ!" ಎಂದು ಹೆಂಗಸು ಚೀರಿದಳು. ಜನ ಸೇರಿದರು.

ರೇಣವ್ವನ ಧ್ವನಿ ಇಡೀ ನಿಲ್ದಾಣಕ್ಕೆ ಕೇಳಿಸಿತು. "ನಾನೂ ಇದ ಬಸ್‌ಸ್ಟ್ಯಾಂಡಿನಾಗ ಬಸ್ ಹತ್ತಿದಾಕಿ. ನನಗೂ ಕೂಸು ಆಡಿಸೋ ಕೆಲಸ ಅಂತನ ಹೇಳಿದ್ರು. ನನ್ನ ಆವತ್ತ ಯಾರೂ ಕೇಳಲಿಲ್ಲ. ಇವತ್ತ ನಾ ಕೇಳಾಕತ್ತೀನಿ!"

ಕಂಡಕ್ಟರ್ ಡ್ರೈವರನಿಗೆ ಕೂಗಿ ಹೇಳಿ ಎಂಜಿನ್ ನಿಲ್ಲಿಸಿದರು. ಕೆಳಗಿಳಿದು ಹುಡುಗಿಯರ ಪಕ್ಕದಲ್ಲಿ ನಿಂತರು. ಹಣ್ಣು ಮಾರುವ ಹೆಂಗಸರು ಬುಟ್ಟಿ ಬಿಟ್ಟು ಬಂದು ಆ 'ಚಿಗವ್ವ'ನ ಸುತ್ತ ನಿಂತುಕೊಂಡರು. ಪೊಲೀಸರು ಬರುವ ತನಕ ಅವಳು ಅಲುಗಾಡುವಂತಿರಲಿಲ್ಲ. ಹುಡುಗಿಯರ ತಂದೆತಾಯಿ ಸಂಜೆಗೆ ಠಾಣೆಗೆ ಓಡಿ ಬಂದರು. ಮಕ್ಕಳನ್ನು ಹತ್ತಿರದ ಗಂಗಾವತಿಯಲ್ಲೇ ಕೆಲಸಕ್ಕೆ ಇಡುವುದಾಗಿ ಆ ಹೆಂಗಸು ಅವರಿಗೆ ಹೇಳಿದ್ದಳಂತೆ.

ಮರುದಿನ ನಾವು ಹಳ್ಳಿ ತಲುಪಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಕತ್ತಲಾಗಲೆಂದು ಕಾಯುವ ಮಾತೇ ಬರಲಿಲ್ಲ. ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಓಣಿಯ ಹೆಂಗಸರು ಹೊರಗೆ ಬಂದು ನಿಂತಿದ್ದರು. ಒಬ್ಬ ಮುದುಕಿ ರೇಣವ್ವನ ಗಲ್ಲ ಸವರಿ, ದೃಷ್ಟಿ ತಾಗದಿರಲೆಂದು ಲಟಿಕೆ ಮುರಿದಳು. ಮಗಳನ್ನು ಮುಚ್ಚಿಡಬೇಕೆಂದಿದ್ದ ಹನುಮವ್ವ ಎಲ್ಲರ ಎದುರಿಗೇ ಅವಳನ್ನು ಅಪ್ಪಿಕೊಂಡು, "ಬಾ ನನ್ನವ್ವ, ಒಳಗ ಬಾ" ಎಂದು ಅತ್ತರು. ರೇಣವ್ವ ಅಳಲಿಲ್ಲ. ತಲೆಯೆತ್ತಿ ಹೊಸ್ತಿಲು ದಾಟಿದಳು. ನಾನು ಮಾತ್ರ ಬೀದಿಯಲ್ಲೇ ನಿಂತು ಮೂಗು ಒರೆಸಿಕೊಂಡೆ.

ಅವಳು ನ್ಯಾಯಾಲಯದಲ್ಲೂ ಹಾಗೆಯೇ ನಿಂತು ಸಾಕ್ಷಿ ಹೇಳಿದಳು. ಅಂದು ಅವಳನ್ನು ಕರೆದೊಯ್ದಿದ್ದ ಆ ಪರಿಚಯದ ಹೆಂಗಸಿಗೆ ಶಿಕ್ಷೆಯಾಯಿತು. ಹತ್ತನೆಯ ತರಗತಿ ಪಾಸಾದ ರೇಣವ್ವ ಈಗ ನಮ್ಮಲ್ಲೇ ಕೆಲಸಕ್ಕಿದ್ದಾಳೆ. ಯಲಬುರ್ಗಾ, ಕುಷ್ಟಗಿಯ ಸಾಲೆಗಳಿಗೆ ಹೋಗುತ್ತಾಳೆ. "ಕೂಸು ಆಡಿಸೋ ಕೆಲಸ ಅಂದ್ರ ಮೊದಲ ಕೂಸಿನ ಹೆಸರ ಕೇಳ್ರಿ" ಎಂದು ಅವಳು ಹೇಳಿದರೆ ಮಕ್ಕಳು ನಗುತ್ತವೆ, ಆದರೆ ಮರೆಯುವುದಿಲ್ಲ.

ಇಲ್ಲಿ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬಂದು ಉಂಡಿ ತಿಂದು, ಜೋಕಾಲಿ ಆಡುವುದು ರೂಢಿ. ಈ ವರ್ಷ ಹನುಮವ್ವ ನನ್ನನ್ನೂ ಕರೆದರು, "ಇಬ್ಬರೂ ಹೆಣ್ಮಕ್ಕಳು ಕೂಡೇ ಬರ್ರಿ" ಎಂದು. ಅದೇ ರಜೆಗೆ ಕಾರ್ಕಳಕ್ಕೆ ಬರುತ್ತೇನೆಂದು ಅಮ್ಮನಿಗೆ ಮೊದಲೇ ಹೇಳಿದ್ದೆ. ಬರುವುದಿಲ್ಲ ಎಂದು ತಿಳಿಸಲು ಹನುಮವ್ವನ ಅಂಗಳದಿಂದಲೇ ಫೋನು ಮಾಡಿದೆ. ಅಮ್ಮ ಕೇಳಿದಳು. "ಹಾಗಾದ್ರೆ ಈಗ ನಿನ್ನ ತವರು ಯಾವುದು?"

"ಎರಡೂ ಅಮ್ಮಾ" ಎಂದೆ. ಆಚೆ ಕಡೆ ಅಮ್ಮ ಮೆಲ್ಲಗೆ ಮೂಗೆಳೆದುಕೊಂಡದ್ದು ಕೇಳಿಸಿತು, ಈಚೆ ಕಡೆ ರೇಣವ್ವ ಜೋಕಾಲಿಯ ಹಗ್ಗ ಹಿಡಿದು ನನ್ನನ್ನು ಕೂಗುತ್ತಿದ್ದಳು.