ಕೂಲಂಟ್ ಎಲ್ಲಿಗೆ ಹೋಗುತ್ತಿತ್ತು

ಸರ್ವಿಸ್ ಸೆಂಟರಿನವರು ಕೊಟ್ಟ ಜಾಬ್ ಕಾರ್ಡಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. ಎಂಜಿನ್‌ನಲ್ಲಿ ದೋಷ ಕಂಡುಬಂದಿಲ್ಲ, ಚಾಲಕರು ಓಡಿಸುವ ಕ್ರಮ ಸರಿಯಿಲ್ಲದ್ದರಿಂದ ತೊಂದರೆಯಾಗಿದೆ ಎಂದು ಅದರ ಅರ್ಥ. ಅಣ್ಣ ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನ ಕಾರಿನ ಎರಡೂ ಕೀಗಳನ್ನು ತಮ್ಮ ಕಪಾಟಿನೊಳಗೆ ಹಾಕಿ ಬೀಗ ಹಾಕಿದರು.

"ಅರುವತ್ತೇಳು ಆಯಿತು ನಿನಗೆ. ಸಾಕು ಮಾರಾಯ್ತಿ. ಕಂಪೆನಿಯವರೇ ಬರೆದು ಕೊಟ್ಟಿದ್ದಾರಲ್ಲ."

"ಅವರು ಬರೆದದ್ದು ಸುಳ್ಳು."

"ಓದಿದವರು ಬರೆಯುವುದು ಸುಳ್ಳಾ? ಕಂಪ್ಯೂಟರ್ ಇಟ್ಟು ನೋಡಿದ್ದಾರೆ."

ನಾನೂ ಓದಿದವಳೇ. ಸರಕಾರಿ ಆಸ್ಪತ್ರೆಗಳಲ್ಲಿ ಮೂವತ್ತಾರು ವರ್ಷ ನರ್ಸ್ ಆಗಿದ್ದೆ, ಕೊನೆಯ ಹತ್ತು ವರ್ಷ ವಾರ್ಡಿನ ಮೇಲ್ವಿಚಾರಕಿ. ಮದುವೆಯಾಗಲಿಲ್ಲ. ನಿವೃತ್ತಿಯ ನಂತರ ಮೂಡುಬಿದಿರೆಯಲ್ಲಿ ಅಣ್ಣ ಅತ್ತಿಗೆಯ ಜೊತೆ ಇದ್ದೇನೆ. ವಾರಕ್ಕೆ ಎರಡು ದಿನ ಬೆಳ್ತಂಗಡಿಯ ಒಂದು ನರ್ಸಿಂಗ್ ಶಾಲೆಯಲ್ಲಿ ಹುಡುಗಿಯರಿಗೆ ಪ್ರಾಯೋಗಿಕ ಪಾಠ ಹೇಳಿಕೊಡುತ್ತೇನೆ. ಏಳು ಹತ್ತಕ್ಕೆ ಮನೆ ಬಿಟ್ಟರೆ ವೇಣೂರು ದಾರಿಯಾಗಿ ಎಂಟೂಕಾಲಕ್ಕೆ ತರಗತಿಯ ಬಾಗಿಲಲ್ಲಿರುತ್ತೇನೆ. ಆ ಎರಡು ದಿನಗಳಿಗಾಗಿ ಉಳಿದ ಐದು ದಿನ ಬದುಕುವವಳು ನಾನು. ಕಾರು ಇಲ್ಲದಿದ್ದರೆ ಆ ಕೆಲಸವೂ ಇಲ್ಲ. ಬಸ್ಸು ಉಂಟು, ಆದರೆ ಶಾಲೆ ಬಿಟ್ಟ ಮೇಲೆ ಬಸ್ಸು ಬದಲಿಸಿಕೊಂಡು ಬಂದರೆ ಮನೆ ತಲುಪುವಾಗ ಸೂರ್ಯ ಮುಳುಗಿರುತ್ತಾನೆ. ಸೂರ್ಯ ಮುಳುಗಿದ ಮೇಲೆ ನಾವು ಜೈನರು ಉಣ್ಣುವುದಿಲ್ಲ. ವಾರಕ್ಕೆ ಎರಡು ರಾತ್ರಿ ಉಪವಾಸ ಮಲಗುವ ವಯಸ್ಸು ನನ್ನದಲ್ಲ.

ಕಾರಿನದ್ದು ಒಂದು ಲೀಟರಿನ, ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್ ಎಂಜಿನ್. ಇಷ್ಟು ಚಿಕ್ಕ ಎಂಜಿನ್‌ಗೆ ನೂರಿಪ್ಪತ್ತರ ಹತ್ತಿರ ಅಶ್ವಶಕ್ತಿ. ನನ್ನ ಹಳೆಯ ಕಾರಿಗೆ ನಲುವತ್ತೂ ಇರಲಿಲ್ಲ. ಹೊರಗೆ ಹೋಗುವ ಹೊಗೆಯನ್ನೇ ಹಿಡಿದು ಒಂದು ಪುಟ್ಟ ಚಕ್ರ ತಿರುಗಿಸುತ್ತಾರೆ, ಆ ಚಕ್ರ ಎಂಜಿನ್‌ನೊಳಗೆ ಹೆಚ್ಚು ಗಾಳಿ ತಳ್ಳುತ್ತದೆ. ಹೆಚ್ಚು ಗಾಳಿ, ಹೆಚ್ಚು ಬೆಂಕಿ, ಹೆಚ್ಚು ಬಲ. ಚಕ್ರ ನಿಮಿಷಕ್ಕೆ ಲಕ್ಷ ಸುತ್ತಿಗಿಂತಲೂ ಮೇಲೆ ತಿರುಗುತ್ತದೆ, ಕೆಂಪಗೆ ಕಾಯುತ್ತದೆ. ಅದನ್ನು ತಣಿಸಲು ಎಂಜಿನ್ ಆಯಿಲ್ಲೂ ಬೇಕು, ಕೂಲಂಟ್ ಎಂಬ ತಂಪು ದ್ರವವೂ ಬೇಕು. ಇದಿಷ್ಟನ್ನೂ ನಾನು ಕಾರು ತಂದ ದಿನವೇ ಅದರ ಜೊತೆ ಬಂದ ಪುಸ್ತಕ ತೆರೆದು, ಪೆನ್ಸಿಲ್ ಹಿಡಿದು ಓದಿಕೊಂಡಿದ್ದೆ. ಏರು ಹತ್ತಿ ಬಂದ ಕೂಡಲೇ ಎಂಜಿನ್ ನಿಲ್ಲಿಸಬಾರದು, ಒಂದು ನಿಮಿಷ ಸುಮ್ಮನೆ ಓಡಲು ಬಿಡಬೇಕು ಎಂದೂ ಅದರಲ್ಲಿತ್ತು. ಮೊದಲ ಕೆಲವು ತಿಂಗಳು ತರಗತಿಯ ಅವಸರದಲ್ಲಿ ಅದನ್ನು ಪಾಲಿಸಲಿಲ್ಲ. ನನ್ನ ಕಡೆಯ ತಪ್ಪು ಅದೊಂದೇ. ತಿದ್ದಿಕೊಂಡೆ.

ಹದಿನೆಂಟು ಸಾವಿರ ಕಿಲೋಮೀಟರ್ ಆಗುವಾಗ ಕೂಲಂಟ್ ಇಳಿಯತೊಡಗಿತು. ಬೆಳಿಗ್ಗೆ ಆರೂಕಾಲಕ್ಕೆ, ಎಂಜಿನ್ ತಣ್ಣಗಿರುವಾಗ, ಬಾನೆಟ್ ಎತ್ತಿ ನೋಡಿ ನನ್ನದೇ ಒಂದು ನೋಟುಪುಸ್ತಕದಲ್ಲಿ ಬರೆಯುವುದು ನನ್ನ ಕ್ರಮ. ಕೂಲಂಟಿನ ಡಬ್ಬದ ಮೇಲೆ ಎರಡು ಗೆರೆ. ಮೇಲಿನ ಗೆರೆಯಿಂದ ಹತ್ತು ದಿನಕ್ಕೆ ಒಂದು ಬೆರಳಿನಷ್ಟು ಕೆಳಗೆ. ಕಾರಿನ ಅಡಿಯಲ್ಲಿ ಹಳೆಯ ಪೇಪರ್ ಹಾಸಿ ಇಟ್ಟೆ, ಒಂದು ಹನಿ ಇಲ್ಲ. ಆಮೇಲೆ ಒಂದು ದಿನ ವೇಣೂರು ದಾರಿಯ ಏರಿನಲ್ಲಿ ಎದುರಿನ ಫಲಕದಲ್ಲಿ ಎಂಜಿನ್ ದೋಷದ ಹಳದಿ ದೀಪ ಹೊತ್ತಿತು, ಕಾಲು ಒತ್ತಿದರೂ ಕಾರು ಎಳೆಯಲಿಲ್ಲ. ಹಿಂದೆ ಕಲ್ಲು ಹೇರಿದ ಲಾರಿ, ಅದರ ಹಾರನ್ನು. ಎರಡನೇ ಗಿಯರಿನಲ್ಲಿ ತೆವಳಿಕೊಂಡು ಬದಿಗೆ ಬಂದೆ. ಅರ್ಧ ಗಂಟೆ ತಣಿದ ಮೇಲೆ ಏನೂ ಆಗದ ಹಾಗೆ ಹೊರಟಿತು. ಮುಂದಿನ ತಿಂಗಳು ಅದೇ ಜಾಗದಲ್ಲಿ ಮತ್ತೆ.

ಸರ್ವಿಸ್ ಸೆಂಟರ್ ಇರುವುದು ಬಂಟ್ವಾಳ ದಾಟಿ ಹೆದ್ದಾರಿಯ ಬದಿಯಲ್ಲಿ. ಮೊದಲ ಸಲ ಹೋದಾಗ ಪೆಟ್ರೋಲ್ ಸರಿಯಿಲ್ಲ ಎಂದರು. ಎರಡನೆಯ ಸಲ, ಇಲಿ ವಯರು ಕಚ್ಚಿರಬಹುದು ಎಂದರು. ಯಾವ ವಯರು ಎಂದು ಕೇಳಿದರೆ ತೋರಿಸಲಿಲ್ಲ. ಮೂರನೆಯ ಸಲ, ಟೈ ಕಟ್ಟಿಕೊಂಡ ಅಡ್ವೈಸರ್ ನನ್ನನ್ನು ಕುಳ್ಳಿರಿಸಿ ಪಾಠ ಮಾಡಿದ.

"ಆಂಟಿ, ಟರ್ಬೊ ಗಾಡಿ ಅಲ್ವ, ನಿಮ್ಮ ಹಳೆ ಗಾಡಿ ಹಾಗಲ್ಲ. ನೀವು ಏರಲ್ಲಿ ದೊಡ್ಡ ಗಿಯರಲ್ಲೇ ಎಳಿತೀರಿ ಕಾಣ್ತದೆ. ಅದಕ್ಕೆ ಬಿಸಿ ಆಗುವುದು."

"ಆಂಟಿ ಅಲ್ಲ, ಮೇಡಂ. ಆ ಏರನ್ನು ನಾನು ಎರಡರಲ್ಲಿ ಹತ್ತುವುದು. ಕೂಲಂಟ್ ಇಳಿಯುತ್ತಾ ಉಂಟು, ಅದನ್ನು ನೋಡಿದಿರಾ?"

"ಕೂಲಂಟ್ ಫುಲ್ ಉಂಟು ಮೇಡಂ. ನೀವೇ ನೋಡಿ ಬೇಕಾದರೆ."

ಹೌದು, ಪೂರ್ತಿ ತುಂಬಿತ್ತು. ಅಂದು ಬೆಳಿಗ್ಗೆ ಮನೆಯಲ್ಲಿ ಕೆಳಗಿನ ಗೆರೆಯ ಹತ್ತಿರ ಇದ್ದದ್ದು ಅವರ ಅಂಗಳದಲ್ಲಿ ತಾನಾಗಿ ಮೇಲೇರಿತ್ತು! ಕಾರು ಒಳಗೆ ಹೋದ ಕೂಡಲೇ, ತೊಳೆಯುವಾಗಲೋ ಏನೋ, ಒಬ್ಬ ಡಬ್ಬ ತುಂಬಿಸಿಬಿಡುತ್ತಾನೆ. ಆಮೇಲೆ ಪರೀಕ್ಷೆ ಮಾಡುವವನು ಬಂದು ಎಲ್ಲ ಸರಿ ಎಂದು ಬರೆಯುತ್ತಾನೆ. ಜ್ವರದ ರೋಗಿಗೆ ಮೊದಲು ಮಾತ್ರೆ ನುಂಗಿಸಿ, ಒಂದು ಗಂಟೆ ಬಿಟ್ಟು ಥರ್ಮಾಮೀಟರ್ ಇಟ್ಟು, ಜ್ವರ ಇಲ್ಲ ಎಂದು ಚಾರ್ಟಿನಲ್ಲಿ ಬರೆಯುವ ಹಾಗೆ. ನನ್ನ ವಾರ್ಡಿನಲ್ಲಿ ಹೀಗೆ ಮಾಡಿದವಳನ್ನು ಎಲ್ಲರೆದುರು ನಿಲ್ಲಿಸಿ ಬಯ್ದಿದ್ದೇನೆ. ಇಲ್ಲಿ ಹಾಗೆ ಮಾಡಿದವರು ನನ್ನ ಮೇಲೆಯೇ ತಪ್ಪು ಹೊರಿಸಿ ಜಾಬ್ ಕಾರ್ಡ್ ಕೊಟ್ಟರು. ಅಣ್ಣ ಕಪಾಟಿಗೆ ಬೀಗ ಹಾಕಿದ್ದು ಅದೇ ಸಂಜೆ.

ಮೂರು ವಾರ ನಾನು ಬೆಳ್ತಂಗಡಿಗೆ ಹೋಗಲಿಲ್ಲ. ಶಾಲೆಯವರು ಎರಡು ಸಲ ಫೋನ್ ಮಾಡಿದರು, ಬೇರೆಯವರನ್ನು ನೋಡಬೇಕೇ ಎಂದು ಕೇಳಿದರು. ನಾಲ್ಕನೆಯ ವಾರ ಅಣ್ಣನ ಎದುರು ನಿಂತು ಇನ್ನೊಂದು ಸಲ ತೋರಿಸಿಕೊಂಡು ಬರುತ್ತೇನೆ ಎಂದೆ.

"ಹೋಗು. ಆದರೆ ಕೇಳು, ಇದು ಕೊನೆ. ಕಾರಿನದ್ದೇ ತಪ್ಪು ಅಂತ ಅವರು ಬರೆದು ಕೊಟ್ಟರೆ ನೀನು ಓಡಿಸು, ನಾನು ಮಾತಾಡುವುದಿಲ್ಲ. ಇಲ್ಲದಿದ್ದರೆ ಮಾರುವ."

ಕಾರು ನನ್ನ ಹೆಸರಿನಲ್ಲಿದೆ. ಲೈಸೆನ್ಸು ನನ್ನದು. ಆದರೂ ಆಗಲಿ ಎಂದು, ಅವರು ಕಪಾಟಿನಿಂದ ತೆಗೆದು ಕೊಟ್ಟ ಒಂದು ಕೀಯನ್ನು ಹಿಡಿದುಕೊಂಡೆ. ಮೇಲಿನವರು ಹೇಳಿದರೆ ಎದುರು ಮಾತಾಡದೆ ಒಪ್ಪುವುದನ್ನು ಹದಿನೆಂಟನೆಯ ವಯಸ್ಸಿನಲ್ಲೇ ನರ್ಸಿಂಗ್ ತರಬೇತಿಯಲ್ಲಿ ಕಲಿಸಿದ್ದರು ನಮಗೆ. ಆ ಕಲಿಕೆಯ ಮೇಲೂ ಅಂದು ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಕೂಲಂಟ್ ಎಲ್ಲಿದೆಯೋ ಅಲ್ಲಿ ಡಬ್ಬದ ಮೇಲೆ ಪೆನ್ನಿನಿಂದ ಗೆರೆ ಎಳೆದೆ. ಕಳೆದ ಸಲ ಅವರು ತುಂಬಿಸಿದ್ದು ಮನೆಗೆ ಬರುವಷ್ಟರಲ್ಲೇ ಸ್ವಲ್ಪ ಇಳಿದಿತ್ತು. ಮುಚ್ಚಳಕ್ಕೂ ಡಬ್ಬಕ್ಕೂ ಸೇರಿಸಿ, ಡ್ರಿಪ್ಪಿನ ಸೂಜಿಗೆ ಅಂಟಿಸುವ ಬಿಳಿ ಪ್ಲಾಸ್ಟರ್ ಸುತ್ತಿದೆ. ಅದರ ಮೇಲೆ ತಾರೀಕು, ಗಂಟೆ, ನನ್ನ ಸಹಿ. ಊಟದ ಡಬ್ಬಿ ಎರಡು ಕಟ್ಟಿಕೊಂಡೆ. ದಾರಿಯಲ್ಲಿ ಸಿದ್ಧಕಟ್ಟೆಯಲ್ಲಿ ನಿಲ್ಲಿಸಿ ನೋಡಿದೆ, ಪ್ಲಾಸ್ಟರ್ ಹಾಗೆಯೇ ಇತ್ತು. ಸರ್ವಿಸ್ ಸೆಂಟರಿನಲ್ಲಿ ದೂರಿನ ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ: ನನ್ನನ್ನು ಕರೆಯದೆ ಕೂಲಂಟ್ ಮುಚ್ಚಳ ತೆಗೆಯಬಾರದು. ಅಡ್ವೈಸರ್ ನಕ್ಕು ತಲೆಯಾಡಿಸಿದ.

ಒಂದೂವರೆ ಗಂಟೆಯ ನಂತರ ಬಂದು, "ಎಲ್ಲ ಓಕೆ ಮೇಡಂ, ಗಾಡಿಗೆ ಎಂತ ಸಹ ಆಗಲಿಲ್ಲ" ಎಂದ.

ಬಾನೆಟ್ ಎತ್ತಿಸಿದೆ. ಪ್ಲಾಸ್ಟರನ್ನು ಬ್ಲೇಡಿನಿಂದ ಸೀಳಿ ತಿರುಗಿ ಅಂಟಿಸಿದ್ದರು. ನನ್ನ ಸಹಿಯ ಒಂದು ತುಂಡು ಮೇಲೆ, ಇನ್ನೊಂದು ತುಂಡು ಕೆಳಗೆ. ಕೂಲಂಟ್ ನನ್ನ ಗೆರೆಗಿಂತ ಅರ್ಧ ಬೆರಳು ಮೇಲಿತ್ತು.

"ಇದನ್ನು ಯಾರು ತೆಗೆದದ್ದು?"

"ಅದು... ರೂಟೀನ್ ಮೇಡಂ. ಟಾಪಪ್ ಮಾಡ್ತಾರೆ ಎಲ್ಲ ಗಾಡಿಗೆ."

"ಟಾಪಪ್ ಮಾಡಬೇಕಾದರೆ ಕಡಿಮೆ ಇರಬೇಕಲ್ಲ! ಕಡಿಮೆ ಯಾಕಾಯಿತು ಅಂತ ಮೂರು ಸಲ ಕೇಳಿದೆ. ಫುಲ್ ಉಂಟು ಅಂದಿರಿ. ತುಂಬಿಸಿದ್ದು ನೀವು, ಫುಲ್ ಉಂಟು ಅಂತ ಬರೆದದ್ದು ನೀವು, ಓಡಿಸಲಿಕ್ಕೆ ಬರುವುದಿಲ್ಲ ಅಂತ ನನ್ನನ್ನು ಮನೆಯಲ್ಲಿ ಕುಳ್ಳಿರಿಸಿದ್ದೂ ನೀವು!"

ನನ್ನ ಧ್ವನಿ ಇಡೀ ಶೆಡ್ಡಿಗೆ ಕೇಳಿತು. ಮ್ಯಾನೇಜರ್ ಓಡಿ ಬಂದ. ಬಂದವನು ನನ್ನೊಡನೆ ಮಾತಾಡಲಿಲ್ಲ. ಅಡ್ವೈಸರನ ಕಡೆ ತಿರುಗಿ, "ಅವರ ಮನೆಯ ಗಂಡಸರ ನಂಬರ್ ಉಂಟಲ್ಲ, ಒಮ್ಮೆ ಮಾತಾಡುವ" ಎಂದ.

"ಕಾರಿನ ಮಾಲೀಕಳು ಇಲ್ಲಿ ನಿಂತಿದ್ದಾಳೆ. ನಿಮಗೆ ಕಾಣುವುದಿಲ್ಲವಾ?"

ಆಗ ಒಳಗಿನಿಂದ ಒಬ್ಬ ಹಿರಿಯ ಮೆಕ್ಯಾನಿಕ್ ಕೈ ಒರೆಸಿಕೊಂಡು ಬಂದರು. ಐವತ್ತು ದಾಟಿದವರು. ಸೀಳಿದ ಪ್ಲಾಸ್ಟರ್ ನೋಡಿದರು, ನನ್ನ ಪುಸ್ತಕ ಕೇಳಿ ಪಡೆದು ನಾಲ್ಕು ಪುಟ ಓದಿದರು. "ಅಕ್ಕ, ನೀವು ಡಾಕ್ಟ್ರಾ?" ಎಂದರು.

"ನರ್ಸ್."

"ಹಾಗೆ ಹೇಳಿ ಮತ್ತೆ."

ಅವರು ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಪಂಪು ಸಿಕ್ಕಿಸಿ ಒತ್ತಡ ಕೊಟ್ಟರು. ಟಾರ್ಚೂ ಸಣ್ಣ ಕನ್ನಡಿಯೂ ಹಿಡಿದು ಎಂಜಿನ್‌ನ ಹಿಂಬದಿ ನೋಡಿ, ಮತ್ತೆ ನನ್ನನ್ನು ಬಗ್ಗಿಸಿ ತೋರಿಸಿದರು. ಟರ್ಬೊಗೆ ಕೂಲಂಟ್ ಹೋಗುವ ಪೈಪಿನ ಜೋಡಣೆಯಲ್ಲಿ, ಕೂಲಂಟ್ ಒಣಗಿ ಉಳಿದ ಗುಲಾಬಿ ಬಣ್ಣದ ಉಪ್ಪಿನಂಥ ಕಲೆ. ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಅಲ್ಲಿ ಒಸರುತ್ತದೆ. ಒಸರಿದ್ದು ಕಾದ ಟರ್ಬೊ ಮೇಲೆ ಬಿದ್ದು ಆವಿಯಾಗುತ್ತದೆ. ಅದಕ್ಕೇ ನೆಲದ ಪೇಪರಿನ ಮೇಲೆ ಹನಿ ಇರಲಿಲ್ಲ.

"ಈ ನಮೂನೆಯ ಎಂಜಿನ್‌ನಲ್ಲಿ ಹೀಗಾದದ್ದು ನಾನು ನೋಡುವುದು ಇದು ಮೂರನೆಯದ್ದು" ಎಂದು ತುಳುವಿನಲ್ಲಿ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು.

ಅಂದರೆ ಅವರಿಗೆ ಗೊತ್ತಿತ್ತು. ಆ ಕಟ್ಟಡದೊಳಗೆ ಒಬ್ಬರಿಗಾದರೂ ಗೊತ್ತಿತ್ತು, ಮತ್ತು ಅವರನ್ನು ಕರೆದು ಕೇಳುವ ತೊಂದರೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ. ಅರುವತ್ತೇಳು ವರ್ಷದ ಹೆಂಗಸು ಎದುರು ಕುಳಿತಿದ್ದಾಳೆ, ತಪ್ಪು ಅವಳದ್ದು ಅಂದರೆ ಕೆಲಸ ಮುಗಿಯಿತು.

ಪೈಪು ಬದಲಿಸಿದರು. ವಾರಂಟಿಯಲ್ಲೇ ಆಯಿತು. ನಾಲ್ಕು ಗಂಟೆಗೆ ಕಾರು ತಯಾರಾಗಿತ್ತು. ಹೊಸ ಜಾಬ್ ಕಾರ್ಡಿನಲ್ಲಿ ಪೈಪು ಬದಲಿಸಿದೆ ಎಂದಷ್ಟೇ ಇತ್ತು. ಯಾಕೆ ಎಂದಿಲ್ಲ, ಹಳೆಯ ಮಾತು ತಪ್ಪು ಎಂದೂ ಇಲ್ಲ. ಸಹಿ ಹಾಕುವುದಿಲ್ಲ ಎಂದೆ.

"ಹಳೆ ಎಂಟ್ರಿ ಕ್ಲೋಸ್ ಆಗಿದೆ ಮೇಡಂ, ಸಿಸ್ಟಮ್ ಬಿಡುವುದಿಲ್ಲ" ಎಂದ ಮ್ಯಾನೇಜರ್. "ಗಾಡಿ ಸರಿ ಆಯ್ತಲ್ಲ, ಇನ್ನೆಂತ ಬೇಕು ನಿಮಗೆ?"

"ಸಿಸ್ಟಮ್ ಬಿಡದಿದ್ದರೆ ಕಾಗದ ಪೆನ್ನು ಉಂಟಲ್ಲ. ದೋಷ ಪೈಪಿನದ್ದು, ಓಡಿಸಿದವರದ್ದಲ್ಲ ಅಂತ ಬರೆಯಿರಿ. ಮೊಹರು ಹಾಕಿ."

ಅವನು ಒಳಗೆ ಹೋದ. ನಾನು ಗ್ರಾಹಕರ ಕುರ್ಚಿಯಲ್ಲಿ ಕುಳಿತೆ. ಐದಾಯಿತು, ಐದೂವರೆಯಾಯಿತು. ಹೊರಗೆ ಬಿಸಿಲು ಓರೆಯಾಯಿತು. ನಾನು ಎದ್ದು ಕೈ ತೊಳೆದು ಬಂದು, ಅವರ ಹೊಳೆಯುವ ಗಾಜಿನ ಟೀಪಾಯಿಯ ಮೇಲೆ ಎರಡನೆಯ ಡಬ್ಬಿ ಬಿಚ್ಚಿದೆ. ಅನ್ನ, ಅಲಸಂಡೆ ಪಲ್ಯ, ಮಜ್ಜಿಗೆ. ಹೊಸ ಕಾರು ನೋಡಲು ಬಂದಿದ್ದ ಗಂಡ ಹೆಂಡತಿ ಮಾತು ನಿಲ್ಲಿಸಿ ನನ್ನನ್ನೇ ನೋಡಿದರು.

ಅಡ್ವೈಸರ್ ಧಾವಿಸಿ ಬಂದ. "ಮೇಡಂ, ಇಲ್ಲಿ ಊಟ ಮಾಡುವ ಹಾಗಿಲ್ಲ."

"ಕತ್ತಲಾದ ಮೇಲೆ ನಾನು ಉಣ್ಣುವುದಿಲ್ಲ. ನೀವು ಕಾಗದ ಕೊಡುವಾಗ ಕತ್ತಲಾಗುವುದು ಗ್ಯಾರಂಟಿ. ಹಾಗಾಗಿ ಈಗಲೇ ಊಟ."

"ಎಂತ ಸಮಸ್ಯೆ ಅಮ್ಮ?" ಎಂದು ಆ ಹೆಂಡತಿ ಕೇಳಿದರು. ತುತ್ತು ನುಂಗಿ, ಪೆಟ್ರೋಲಿನಿಂದ ಹಿಡಿದು ಪ್ಲಾಸ್ಟರಿನವರೆಗೆ ಒಂದೂ ಬಿಡದೆ ಹೇಳಿದೆ. ಮಜ್ಜಿಗೆ ಮುಗಿಯುವ ಮೊದಲೇ ಮ್ಯಾನೇಜರ್ ಕಂಪೆನಿಯ ತಲೆಬರಹದ ಕಾಗದ ಹಿಡಿದು ಬಂದ. ಕೈಬರಹ, ಸಹಿ, ಮೊಹರು. ಎರಡು ಸಲ ಓದಿ, "ಚಾಲಕರ ತಪ್ಪು ಏನೂ ಇಲ್ಲ" ಎಂಬಲ್ಲಿ ಬಿಟ್ಟುಹೋಗಿದ್ದ "ಏನೂ" ಅವನಿಂದಲೇ ಬರೆಸಿಕೊಂಡೆ.

ಮನೆಗೆ ಬಂದು ಕಾಗದವನ್ನು ಅಣ್ಣನ ಎದುರಿಟ್ಟೆ. ಅವರು ನಿಧಾನವಾಗಿ ಓದಿದರು.

"ಹಾಗಾದರೆ ನೀನು ಹೇಳಿದ್ದೇ ಸರಿ."

"ಇದೇ ಮಾತನ್ನು ಆರು ತಿಂಗಳಿಂದ ಹೇಳ್ತಾ ಇದ್ದೇನೆ. ಪುಸ್ತಕ ತೋರಿಸಿದೆ. ನೀವು ಅದನ್ನು ತೆರೆದೂ ನೋಡಲಿಲ್ಲ."

"ಅದು ನೀನು ಬರೆದದ್ದಲ್ಲವಾ..."

ಅಡಿಗೆಮನೆಯ ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ಅಣ್ಣ ಅವರನ್ನು ನೋಡಿದರು. ಎದ್ದು, ಕಪಾಟಿನ ಬೀಗ ತೆಗೆದು, ಒಳಗಿದ್ದ ಇನ್ನೊಂದು ಕೀಯನ್ನು ತಂದು ನನ್ನ ಕೈಯಲ್ಲಿಟ್ಟರು. "ಒಂದು ಕೀ ನನ್ನ ಹತ್ತಿರ ಇರಲಿ ಅಂತ. ಬೇಕಾದರೆ ಕೇಳು" ಎಂದು, ಎರಡರಲ್ಲಿ ಒಂದನ್ನು ತಿರುಗಿ ಕೊಡು ಎಂಬಂತೆ ಕೈ ಚಾಚಿದರು.

ನಾನು ಕೊಡಲಿಲ್ಲ. "ಎರಡೂ ನನ್ನ ಹತ್ತಿರ ಇರ್ತದೆ. ನಿಮಗೆ ಎಲ್ಲಿಗಾದರೂ ಹೋಗಲಿಕ್ಕೆ ಇದ್ದರೆ ನನ್ನನ್ನು ಕೇಳಿ" ಎಂದು ಹೇಳಿ, ನರ್ಸಿಂಗ್ ಶಾಲೆಗೆ ಫೋನ್ ಮಾಡಲು ಒಳಗೆ ಹೋದೆ.